ಅಂಜಲೈ ಪಾಟಿ ಎದ್ದು ಹೋದದ್ದೆಲ್ಲಿಗೆ

ಕಳೆದ ವಾರ ಬೆಳಿಗ್ಗೆ ಬಟ್ಟೆ ಒಣಹಾಕೋಣವೆಂದು ಅಡುಗೆಮನೆಯ ಕಿಟಕಿ ತೆಗೆದೆ. ಹಸಿ ಸೌದೆ ಸುಟ್ಟಂಥ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ, ಅದರ ಜಾಗದಲ್ಲಿ ಬೂದಿ ಬಣ್ಣದ ಮಸುಕೊಂದು ನಿಂತಿತ್ತು. ಸಿಂಗಪುರದಲ್ಲಿ ಇದೇನೂ ಹೊಸದಲ್ಲ. ಸಮುದ್ರದಾಚೆಯ ದ್ವೀಪಗಳಲ್ಲಿ ಕಾಡು ಹೊತ್ತಿಕೊಂಡು ಗಾಳಿ ಈ ಕಡೆ ತಿರುಗಿದರೆ ಹೊಗೆ ಟ್ಯಾಂಪಿನೀಸಿನ ನಮ್ಮ ಮನೆಯೊಳಗೂ ನುಗ್ಗುತ್ತದೆ. ಇಲ್ಲಿನವರು ಅದನ್ನು ಹೇಜ್ ಎನ್ನುತ್ತಾರೆ, ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ನಾನು ಮಾತ್ರ ಹಿಂಡಿದ ಬಟ್ಟೆಯನ್ನು ಹಾಗೇ ಬಕೆಟ್ಟಿಗೆ ಹಾಕಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ವಾಸನೆ ಬಂದರೆ ನನಗೆ ಯಾಳಿನಿ ನೆನಪಾಗುತ್ತಾಳೆ. ಅವಳು ನಮ್ಮ ಮನೆಯಲ್ಲಿದ್ದ ಆ ವರ್ಷದ ಹೇಜ್‌ನಲ್ಲಿ ನಾನು ಬೆಚ್ಚಿಬಿದ್ದ ಹಾಗೆ ಜೀವಮಾನದಲ್ಲಿ ಇನ್ನೆಂದೂ ಬೆಚ್ಚಿಬಿದ್ದಿಲ್ಲ.

ಯಾಳಿನಿ ನಾನು ಹೆತ್ತ ಮಗುವಲ್ಲ. ಮನೆಯವರು ನೋಡಿಕೊಳ್ಳಲಾಗದ ಮಕ್ಕಳನ್ನು ಬೇರೊಂದು ಮನೆಯಲ್ಲಿಟ್ಟು ಬೆಳೆಸುತ್ತಾರಲ್ಲ, ಹಾಗೆ ಬಂದವಳು. ತಮಿಳು ಹುಡುಗಿ. ತಾಯಿ ಮಾದಕ ವಸ್ತುವಿನ ಪ್ರಕರಣದಲ್ಲಿ ಜೈಲಿನಲ್ಲಿದ್ದಳು, ತಂದೆ ಯಾರೆಂದು ಯಾರೂ ಹೇಳಲಿಲ್ಲ. ಬಂದಾಗ ಅವಳಿಗೆ ನಾಲ್ಕು ತುಂಬಿತ್ತು, ತುಂಬಿರಲಿಲ್ಲ ಎನ್ನುವಂತಿತ್ತು. ನಮ್ಮ ಮಗಳು ಆಗಲೇ ಓದಲು ಹೊರದೇಶಕ್ಕೆ ಹೋಗಿದ್ದಳು. ನನ್ನ ಗಂಡ ಶ್ರೀಧರ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ನಾನು ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಇಲ್ಲಿಗೆ ಬಂದ ಮೇಲೆ ಪಾಠ ಹೇಳಲು ಗಂಡನೊಬ್ಬನೇ ಉಳಿದಿದ್ದ. ಒಂದು ಮಗುವನ್ನು ಸಾಕೋಣ ಎಂದು ನಾನು ಹೇಳಿದಾಗ ಅವನು ತಕ್ಷಣ ಒಪ್ಪಿದ್ದು ಯಾಕೆಂದು ನನಗೆ ಆಮೇಲೆ ಅರ್ಥವಾಯಿತು.

ಮಗುವನ್ನು ಕೊಡುವ ಮೊದಲು, ಇಂಥ ಮಕ್ಕಳಿಗೆ ಮನೆ ಹುಡುಕುವ ಸಂಸ್ಥೆಯವರು ನಮ್ಮ ಮನೆ ನೋಡಲು ಬಂದರು. ಬಂದವಳು ಹುಯಿ ಮಿನ್ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ, ಕನ್ನಡಕದ ಹುಡುಗಿ. ಮನೆ ನೋಡಲು ಬರುತ್ತಾರೆ ಅಂದರೆ ನಮಗೆ ಗೊತ್ತಿರುವುದು ಒಂದೇ ರೀತಿ. ಹೆಣ್ಣು ನೋಡಲು ಬರುವವರಿಗೆ ಮಾಡುವ ಹಾಗೆ ಉಪ್ಪಿಟ್ಟು, ಕೇಸರಿಬಾತು ಮಾಡಿ, ಬೆಳ್ಳಿ ಲೋಟ ತೊಳೆದು, ರೇಷ್ಮೆ ಸೀರೆ ಉಟ್ಟು ಕಾದೆ. ಶ್ರೀಧರ, "ನೀನು ಕೋಸಂಬರಿ ಮರೆತೆ, ಹುಡುಗಿ ಕಡೆಯವರು ನಮ್ಮನ್ನ ರಿಜೆಕ್ಟ್ ಮಾಡ್ತಾರೆ ನೋಡು" ಎಂದು ಛೇಡಿಸಿದ. ಹುಯಿ ಮಿನ್ ಕೋಣೆಗಳನ್ನು ನೋಡಿದಳು, ಕಿಟಕಿಯ ಸರಳು ನೋಡಿದಳು, ಮಗು ಎಲ್ಲಿ ಮಲಗುತ್ತದೆ ಎಂದು ಕೇಳಿದಳು. ತಟ್ಟೆ ಮುಂದಿಟ್ಟಾಗ ಕೈಮುಗಿದ ಹಾಗೆ ಮಾಡಿ, "ಸಾರಿ ಆಂಟಿ, ಕ್ಯಾನಾಟ್ ಲಾ, ರೂಲ್ಸ್" ಎಂದು ಈ ಊರಿನವರು ಮಾತಿನ ತುದಿಗೆ ಅಂಟಿಸುವ ಲಾ ಸಮೇತ ಅಂದಳು. ಒಂದು ಗುಟುಕು ಕಾಫಿಯನ್ನೂ ಕುಡಿಯಲಿಲ್ಲ. ಅವಳು ಹೋದ ಮೇಲೆ ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಮನೆಗೆ ಬಂದವರು ಬರಿಬಾಯಲ್ಲಿ ಎದ್ದುಹೋದರೆಂದು ಎರಡು ದಿನ ಕೊರಗಿದೆ. ಆದರೂ ಹುಡುಗಿ ಕಡೆಯವರು ನಮ್ಮನ್ನು ಒಪ್ಪಿದರು.

ಒಂದೂವರೆ ವರ್ಷದಲ್ಲಿ ಯಾಳಿನಿ ನಮ್ಮ ಮನೆಯ ಗೋಡೆ, ಬಾಗಿಲು, ಗಡಿಯಾರಗಳಷ್ಟೇ ನಮ್ಮವಳಾದಳು. ನನ್ನನ್ನು ಆಂಟಿ ಅನ್ನುತ್ತಿದ್ದಳು, ಶ್ರೀಧರನನ್ನು ಮಾತ್ರ ಯಾವ ಕಾರಣಕ್ಕೋ ಹೆಸರು ಹಿಡಿದು ಕರೆಯುತ್ತಿದ್ದಳು, ಅವನಿಗೆ ಅದೇ ಹೆಮ್ಮೆ. ಅಜ್ಜಿಯೊಬ್ಬರಿದ್ದಾರೆ ಎಂದು ನಮಗೆ ಗೊತ್ತಿತ್ತು. ಮಗುವನ್ನು ಇಟ್ಟುಕೊಳ್ಳುವ ಮನಸ್ಸು ಅವರಿಗಿಲ್ಲ, ಅಧಿಕಾರಿಗಳು ವಿಚಾರಿಸಲು ಹೋದಾಗ ಮಾತಿನ ಮಧ್ಯೆ ಎದ್ದು ಹೊರಟುಹೋದರು ಎಂದು ಹುಯಿ ಮಿನ್ ಒಮ್ಮೆ ಹೇಳಿದ್ದಳು. ಎಂಥ ಕಲ್ಲುಮನಸ್ಸಿನ ಮುದುಕಿ ಎಂದು ನಾನು ಅಂದುಕೊಂಡಿದ್ದೆ. ತಿಂಗಳಿಗೆರಡು ಸಲ ಬುಕಿತ್ ಬಾಟೋಕಿನ ಸಂಸ್ಥೆಯ ಕಚೇರಿಯಲ್ಲಿ ಅವರು ಮಗುವನ್ನು ನೋಡಬಹುದಿತ್ತು. ಕರೆದುಕೊಂಡು ಹೋಗಲು ಒಬ್ಬ ಸ್ವಯಂಸೇವಕಿ ಬರುತ್ತಿದ್ದಳು, ಹಾಗಾಗಿ ನಾನು ಅಜ್ಜಿಯನ್ನು ನೋಡಿರಲಿಲ್ಲ.

ಆ ವರ್ಷ ಸಂಸ್ಥೆಯವರು ತಮ್ಮ ಕೆಲಸದ ರೀತಿಯನ್ನೇ ತಿದ್ದಿಕೊಳ್ಳಬೇಕೆಂದು ಒಂದು ಸಮಿತಿ ಮಾಡಿದ್ದರು. ಮಕ್ಕಳನ್ನು ಸಾಕುತ್ತಿರುವ ಮನೆಯವರಲ್ಲಿ ಒಬ್ಬರು ಅದರಲ್ಲಿರಬೇಕೆಂದು ನನ್ನನ್ನು ಕರೆದರು. ಬಾಯಿ ಜೋರಿರುವವರಿಗೆ ಇಂಥ ಮರ್ಯಾದೆಗಳು ಬೇಗ ಸಿಗುತ್ತವೆ. ಚಂದದ ಮೇಜು, ಚಂದದ ಚಾರ್ಟುಗಳು, ಬಣ್ಣಬಣ್ಣದ ಅಂಟು ಚೀಟಿಗಳು. ವ್ಯವಸ್ಥೆಯನ್ನು ಬದಲಾಯಿಸುವುದು ಎಂದರೆ ಚೀಟಿಗಳನ್ನು ಗೋಡೆಯ ಈ ಕಡೆಯಿಂದ ಆ ಕಡೆಗೆ ಅಂಟಿಸುವುದು ಎಂದು ನನಗೆ ಅನ್ನಿಸತೊಡಗಿತ್ತು. ನನ್ನ ಮನಸ್ಸೆಲ್ಲ ಬೇರೆ ಕಡೆ ಇತ್ತು. ಜನವರಿಯಲ್ಲಿ ಯಾಳಿನಿ ಶಾಲೆಗೆ ಸೇರಬೇಕು, ಅದಕ್ಕೆ ಮೊದಲು ಅವಳು ದೊಡ್ಡವಳಾಗುವವರೆಗೂ ನಮ್ಮಲ್ಲೇ ಇರುವಂತೆ ತೀರ್ಮಾನವಾಗುವುದರಲ್ಲಿತ್ತು. ನಾನು ಆಗಲೇ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟಿದ್ದೆ.

ಅಷ್ಟರಲ್ಲಿ ಹೇಜ್ ಬಂತು. ಸೂರ್ಯ ಹಳದಿ ಬಿಲ್ಲೆಯ ಹಾಗೆ ಮೇಲೆ ನೇತಾಡುತ್ತಿದ್ದ, ಬರಿಗಣ್ಣಲ್ಲಿ ನೋಡಬಹುದಿತ್ತು. ಯಾಳಿನಿ ಬೆಳಿಗ್ಗೆ ಎದ್ದವಳೇ ಮೂಗು ಸುಕ್ಕಿಸಿ, "ಆಂಟಿ, ಯಾರೋ ದೋಸೆ ಸೀದಿಸಿದಾರೆ ಲಾ" ಎನ್ನುತ್ತಿದ್ದಳು. ಸ್ವಯಂಸೇವಕಿಗೆ ಉಬ್ಬಸ, ಅವಳು ಬರಲಾಗುವುದಿಲ್ಲ ಎಂದಳು. ಅಜ್ಜಿಯ ಸರದಿ ತಪ್ಪಿಸಬಾರದೆಂದು ನಾನೇ ಮಾಸ್ಕ್ ಹಾಕಿ ಮಗುವಿನ ಕೈಹಿಡಿದು ಎಂಆರ್‌ಟಿ ರೈಲು ಹತ್ತಿದೆ. ಜುರೊಂಗ್ ಈಸ್ಟ್‌ನಲ್ಲಿ ರೈಲು ಬದಲಾಯಿಸುವಾಗ ಪ್ಲಾಟ್‌ಫಾರ್ಮಿನಿಂದ ರಸ್ತೆಯೇ ಕಾಣಲಿಲ್ಲ.

ಸಾಕುವವರೂ ಸಂಬಂಧಿಕರೂ ಎದುರುಬದುರು ಕೂರಬಾರದೆಂಬುದು ಅಲ್ಲಿನ ರೂಢಿ. ನಾನು ಹೊರಗಿನ ಮೊಗಸಾಲೆಯಲ್ಲಿ ಕಾಯಬೇಕಿತ್ತು. ಹೊಗೆಯಿಂದಾಗಿ ಮೊಗಸಾಲೆ ಮುಚ್ಚಿದ್ದರು. ಹೀಗಾಗಿ ಗಾಳಿ ಶುದ್ಧ ಮಾಡುವ ಯಂತ್ರವೊಂದು ಗುರುಗುಟ್ಟುತ್ತಿದ್ದ ಆ ಕೋಣೆಯ ಮೂಲೆಯಲ್ಲೇ ನನಗೂ ಕುರ್ಚಿ ಕೊಟ್ಟರು. ಅಂಜಲೈ ಪಾಟಿ ಆಗಲೇ ಬಂದು ಕೂತಿದ್ದರು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ. ಕಡ್ಡಿಯಂಥ ಮೈ, ಬಿಗಿಯಾಗಿ ಬಾಚಿದ ಬಿಳಿಗೂದಲು, ಪಕ್ಕದಲ್ಲಿ ಊರುಗೋಲು. ಕಲ್ಲುಮನಸ್ಸಿನ ಮುದುಕಿ ಹೀಗಿರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಯಾಳಿನಿ ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತು ಚಿತ್ರ ಬರೆಯತೊಡಗಿದಳು. ಅವರು ಅವಳ ತಲೆ ಮೇಲೆ ಕೈಯಿಟ್ಟುಕೊಂಡು ಅಲ್ಲಾಡದೆ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಅವರೇ ನನ್ನ ಕಡೆ ತಿರುಗಿದರು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ತಮಿಳರಾದ್ದರಿಂದ ನನಗೆ ಹರಕುಮುರಕು ತಮಿಳು ಬರುತ್ತದೆ. ಅವರು ಆಡಿದ್ದು ತಮಿಳು, ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ.

"ನಿಮ್ಮನೇಲಿ ಚೆನ್ನಾಗಿ ಬೆಳೀತಿದಾಳಮ್ಮ. ನಿಮ್ಮ ಹೊಟ್ಟೆ ತಣ್ಣಗಿರಲಿ."

ನಾನು ಮಾತಿಗೆ ಮಾತು ಸೇರಿಸಬಾರದಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವುದಲ್ಲ. "ನಿಮ್ಮ ಹತ್ರಾನೇ ಇಟ್ಕೋಬಹುದಿತ್ತಲ್ಲ ಪಾಟಿ, ಯಾಕೆ ಬೇಡ ಅಂದ್ರಿ?" ಅಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. "ನಾನೆಲ್ಲಿ ಬೇಡ ಅಂದೆ? ವಿಚಾರಿಸೋಕೆ ಬಂದಿದ್ಲಲ್ಲ, ಆ ಕನ್ನಡಕದ ಹುಡುಗಿಗೇ ನಮ್ಮನೆ ಹಿಡಿಸಲಿಲ್ಲ. ಒಂದೇ ರೂಮಿನ ಬಾಡಿಗೆ ಮನೆ, ನನ್ನ ಜೊತೆ ಇನ್ನೊಬ್ಬ ಮುದುಕಿ ಇದಾಳೆ, ಅವತ್ತು ಅವಳು ಹೊರಗೆ ಹೋಗಿದ್ಲು. ಹುಡುಗಿ ಒಳಗೆ ಬಂದ್ಲು, ಸುತ್ತ ನೋಡಿದ್ಲು, ನನ್ನ ಮಗಳ ವಿಷಯ ಏನೇನೋ ಇಂಗ್ಲಿಷಲ್ಲಿ ಕೇಳಿದ್ಲು. ಮೊದಲನೇ ಸಲ ಮನೆಗೆ ಬಂದವಳು, ಮನೇಲಿ ಹಾಲಿಲ್ಲ, ಒಂದು ಬಿಸ್ಕತ್ತಿಲ್ಲ. ಕೂತ್ಕೋಮ್ಮ ಅಂತ ಹೇಳಿ ಕೆಳಗೆ ಕಾಫಿ ಶಾಪಿಗೆ ಹೋದೆ. ಲಿಫ್ಟ್ ಕೆಟ್ಟಿತ್ತು, ನನ್ನ ಮಂಡಿ ನೋಡ್ತಿದೀರಲ್ಲ. ಟೀ ಕವರಲ್ಲಿ ಕಟ್ಟಿಸ್ಕೊಂಡು, ಎರಡು ಬನ್ ತಗೊಂಡು ಮೇಲೆ ಬರ್ತೀನಿ, ಹುಡುಗಿ ಇಲ್ಲ. ಬಾಗಿಲು ಎಳ್ಕೊಂಡು ಹೋಗಿದ್ಲು. ನೋಡಿದ್ದು ಸಾಕಾಗಿರಬೇಕು ಅಂತ ನಾನೂ ಸುಮ್ಮನಾದೆ. ಯಾವ ಮುಖ ಇಟ್ಕೊಂಡು ಕೇಳಲಿ?"

ಮಾತಿನ ಮಧ್ಯೆ ಎದ್ದು ಹೊರಟುಹೋದರು ಎಂಬ ಹುಯಿ ಮಿನ್‌ಳ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಎದ್ದು ಹೋದದ್ದು ನಿಜ. ಎಲ್ಲಿಗೆ, ಯಾಕೆ ಎಂದು ಯಾರೂ ಕೇಳಿರಲಿಲ್ಲ. ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುತ್ತಿದ್ದುದನ್ನೇ ಪಾಟಿ ಮಾಡಿದ್ದರು. ಮಗಳು ಜೈಲಲ್ಲಿದ್ದರೂ, ಮೊಮ್ಮಗಳು ಕೈತಪ್ಪುವ ಹೊತ್ತಿನಲ್ಲೂ, ಮನೆಗೆ ಬಂದವಳ ಕೈಗೆ ಏನಾದರೂ ಕೊಡದೆ ಕೂತಿರಲು ಅವರಿಗಾಗಲಿಲ್ಲ. ನನ್ನ ಮನೆಯಲ್ಲಿ ಹಾಲಿತ್ತು, ರವೆಯಿತ್ತು, ಕೇಸರಿಯಿತ್ತು, ನಾನು ಎದ್ದು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮಗು ನನ್ನ ಮನೆಗೆ ಬಂತು. ಇಷ್ಟೇ ವ್ಯತ್ಯಾಸ. ಎಲ್ಲವೂ ಗಡಿಯಾರದಂತೆ ನಡೆಯುವ ಈ ಊರಿನಲ್ಲಿ, ಯಾರೂ ಕೆಟ್ಟವರಲ್ಲದ ಒಂದು ಕಚೇರಿಯಲ್ಲಿ, ಒಂದು ಮಗುವಿನ ಜೀವನ ಹೀಗೆ ತಿರುಗಿತ್ತೆಂದು ನನಗೆ ನಂಬಲಾಗಲಿಲ್ಲ. ವಾಪಸ್ ಬರುವಾಗ ಯಾಳಿನಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಟ್ಯಾಂಪಿನೀಸ್ ದಾಟಿ ಕೊನೆಯ ನಿಲ್ದಾಣದವರೆಗೂ ಹೋಗಿಬಿಟ್ಟೆವು, ಇಳಿಯಬೇಕೆಂಬುದೇ ನನಗೆ ಹೊಳೆಯಲಿಲ್ಲ.

ಮನೆಗೆ ಬಂದು ಶ್ರೀಧರನಿಗೆ ಎಲ್ಲ ಹೇಳಿದೆ. ಹೇಳುವಾಗಲೇ ಇನ್ನೊಂದು ಯೋಚನೆಯೂ ಒಳಗೆ ಸುತ್ತುತ್ತಿತ್ತು. ಇದನ್ನು ಸಮಿತಿಯ ಮುಂದಿಟ್ಟರೆ ಮಗು ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಪಾಟಿ ಕೇಳುವವರಲ್ಲ. ಅದನ್ನೂ ಅವನಿಗೆ ಹೇಳಿದೆ.

"ನಮ್ಮ ಕಡೆ ಒಂದು ವಿಮಾನದಲ್ಲಿ ಬಿರುಕು ಕಂಡ್ರೆ ಏನ್ ಮಾಡ್ತೀವಿ ಗೊತ್ತಾ?" ಎಂದ ಅವನು. "ಯಾರು ಮಾಡಿದ್ದು ಅಂತ ಕೂಗಾಡಲ್ಲ. ಅದೇ ಥರದ ಎಷ್ಟು ವಿಮಾನ ಇದೆಯೋ ಎಲ್ಲಾನೂ ನಿಲ್ಲಿಸಿ ಅದೇ ಜಾಗ ಬಿಚ್ಚಿ ನೋಡ್ತೀವಿ."

"ನನಗ್ಯಾಕೆ ಹೇಳ್ತಿದೀಯ ಇದನ್ನ?"

"ನೀನು ಒಂದು ಮಗು ಯೋಚನೆ ಮಾಡ್ತಿದೀಯ. ಇನ್ನೂ ಎಷ್ಟು ಮಕ್ಕಳಿದಾರೋ ಯಾರಿಗೆ ಗೊತ್ತು" ಎಂದವನು ಎದ್ದು ಯಾಳಿನಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಅವನ ಹಿಂದೆ ಹೋಗಲಿಲ್ಲ.

ಮುಂದಿನ ಸಮಿತಿಯ ದಿನವೂ ಹೊಗೆ ಹಾಗೇ ಇತ್ತು. ಸಂಸ್ಥೆಯ ನಿರ್ದೇಶಕಿ ಮೇಜಿನ ತುದಿಯಲ್ಲಿ, ಹುಯಿ ಮಿನ್ ನನ್ನೆದುರು. ನಾನು ಪಾಟಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಟೀ, ಬನ್, ಕೆಟ್ಟ ಲಿಫ್ಟ್. ಹುಯಿ ಮಿನ್ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

"ಐ ವೇಟೆಡ್, ಆಂಟಿ" ಅಂದಳು ಮೆಲ್ಲಗೆ. ಕಾದೆ, ಆದರೆ ಅವರ ಮಗಳ ಬಗ್ಗೆ ಕೇಳಿದ್ದಕ್ಕೆ ಸಿಟ್ಟಾಗಿ ಹೋದರೆಂದುಕೊಂಡೆ, ನನಗೆ ಇನ್ನೊಂದು ಮನೆಗೆ ಹೋಗಬೇಕಿತ್ತು ಎಂದಳು. ಅವಳು ಪಾಟಿಯ ಬಗ್ಗೆ ತಿಳಿದುಕೊಂಡದ್ದನ್ನೇ ಪಾಟಿ ಅವಳ ಬಗ್ಗೆ ತಿಳಿದುಕೊಂಡಿದ್ದರು. ಇನ್ನೊಬ್ಬರು ತಮ್ಮನ್ನು ಬಿಟ್ಟು ಎದ್ದುಹೋದರೆಂದು ಇಬ್ಬರೂ ನಂಬಿದ್ದರು, ಆ ನಂಬಿಕೆಯ ಮೇಲೆ ನಾನು ಒಂದೂವರೆ ವರ್ಷ ಸಂಸಾರ ಹೂಡಿದ್ದೆ.

ನಿರ್ದೇಶಕಿ ಗಂಟಲು ಸರಿಮಾಡಿಕೊಂಡರು. ಬಹಳ ದುಃಖದ ಸಂಗತಿ, ಇದನ್ನು ಸರಿಪಡಿಸೋಣ, ಆದರೆ ಎಲ್ಲೋ ಒಂದು ಹೀಗಾಗಿದೆ ಎಂದರು. ಆ ‘ಎಲ್ಲೋ ಒಂದು’ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಶ್ರೀಧರನ ವಿಮಾನಗಳ ಮಾತನ್ನು ಅವರ ಮುಂದಿಟ್ಟೆ. ಒಂದೇ ಭೇಟಿಯಲ್ಲಿ, ಒಬ್ಬರೇ ಹೋಗಿ, ಅವರ ಭಾಷೆ ಬಾರದೆ, ಯಾವ ಯಾವ ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮಂದಿರನ್ನು ಬೇಡವೆಂದಿದ್ದೀರೋ ಅಷ್ಟೂ ಮನೆಗಳಿಗೆ ಮತ್ತೆ ಹೋಗಿ ಎಂದೆ.

"ಮಕ್ಕಳು ವಿಮಾನಗಳಲ್ಲ, ಮಿಸೆಸ್ ಶ್ರೀಧರ್" ಎಂದರು ನಿರ್ದೇಶಕಿ.

"ಅಲ್ಲ. ವಿಮಾನ ಆಗಿದ್ದಿದ್ದರೆ ಇಷ್ಟು ಹೊತ್ತಿಗೆ ಬಿಚ್ಚಿ ನೋಡಿರುತ್ತಿದ್ದಿರಿ."

ಇಲ್ಲಿ ಹಿರಿಯ ಅಧಿಕಾರಿಗಳ ಜೊತೆ ಯಾರೂ ಆ ಧಾಟಿಯಲ್ಲಿ ಮಾತಾಡುವುದಿಲ್ಲ. ಇನ್ನು ನನ್ನನ್ನು ಸಮಿತಿಯಿಂದ ನಯವಾಗಿ ಹೊರಗೆ ಕಳಿಸುತ್ತಾರೆ ಎಂದುಕೊಳ್ಳುತ್ತಿರುವಾಗ ಹುಯಿ ಮಿನ್ ಎದ್ದು ನಿಂತಳು. ನಿಲ್ಲುವ ಅಗತ್ಯವೇ ಇರಲಿಲ್ಲ, ಶಾಲೆಯ ಹುಡುಗಿಯ ಹಾಗೆ ನಿಂತಳು. ತಾನು ಹೀಗೆ ಒಂದೇ ಸಲ ಹೋಗಿ ಬಂದ ಮನೆಗಳು ಇನ್ನೂ ಇವೆ, ಬಾಗಿಲು ತೆಗೆಯದವರಿದ್ದಾರೆ, ಏನೂ ಮಾತಾಡದೆ ಕೂತವರಿದ್ದಾರೆ, ಅವರೆಲ್ಲ ಯಾಕೆ ಹಾಗೆ ಮಾಡಿದರೆಂದು ತನಗೆ ಗೊತ್ತಿಲ್ಲ, ತಾನು ಮತ್ತೆ ಹೋಗಬೇಕು ಎಂದಳು. ಅವಳ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು, "ನನ್ನವೂ ಇವೆ" ಎಂದರು. ಆಮೇಲೆ ಮೇಜಿನ ಆ ತುದಿಯಿಂದ ಮತ್ತೊಬ್ಬರು. ನಿರ್ದೇಶಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು. ಅವರೂ ಮೂವತ್ತು ವರ್ಷದ ಹಿಂದೆ ಇದೇ ಕೆಲಸದಿಂದ ಶುರುಮಾಡಿದವರೆಂದು ಆಮೇಲೆ ತಿಳಿಯಿತು.

ಹಾಗೆ ಶುರುವಾಯಿತು. ಒಂದೇ ಭೇಟಿಯಲ್ಲಿ ಯಾವ ಸಂಬಂಧಿಕರನ್ನೂ ಬೇಡವೆನ್ನಬಾರದು, ಇಬ್ಬರು ಜೊತೆಯಾಗಿ ಹೋಗಬೇಕು, ಅವರಲ್ಲಿ ಒಬ್ಬರಿಗೆ ಆ ಮನೆಯ ಭಾಷೆ ಬರಬೇಕು, ಮಗುವಿನ ಬಗ್ಗೆ ತೀರ್ಮಾನವಾಗುವ ಮೊದಲು ಅದರ ಕಡೆಯವರೆಲ್ಲ ಒಂದೆಡೆ ಕೂತು ಮಾತಾಡಬೇಕು ಎಂದಾಯಿತು. ಈ ಮನೆಯಲ್ಲಿ ಏನಿಲ್ಲ ಎಂದು ನೋಡುವುದರ ಬದಲು ಏನು ಕೊಟ್ಟರೆ ಮಗು ಇಲ್ಲಿರಬಹುದು ಎಂದು ಕೇಳತೊಡಗಿದರು. ಕೇಳಲು ಸುಲಭ, ಮೇಲಿನವರ ಒಪ್ಪಿಗೆಗೆ ಓಡಾಡಿ ಹುಯಿ ಮಿನ್ ಅರ್ಧ ಇಳಿದುಹೋದಳು. ಮತ್ತೆ ಹೋದ ಮನೆಗಳಲ್ಲಿ ಕೆಲವರು ನಿಜವಾಗಿಯೂ ಮಗು ಬೇಡ ಎಂದರು. ಕೆಲವರು ಬಾಗಿಲಲ್ಲೇ ಅತ್ತರು. ಒಬ್ಬ ಚಿಕ್ಕಪ್ಪ, ಯಾರಾದರೂ ಬರುತ್ತೀರೆಂದು ಇಷ್ಟು ದಿನ ಕಾದೆ ಎಂದರಂತೆ. ಅವಳು ಬಂದು ಇಂಥದ್ದನ್ನು ಹೇಳುವಾಗಲೆಲ್ಲ ನಾನು ಯಾಳಿನಿಯ ಕೋಣೆಯ ಕಡೆ ನೋಡುತ್ತಿದ್ದೆ.

ಗಾಳಿ ತಿರುಗಿತು, ಹೊಗೆ ಹೋಯಿತು, ಮಳೆ ಹಿಡಿಯಿತು. ಪಾಟಿಯ ಜೊತೆಗಿದ್ದ ಮುದುಕಿಗೆ ಬೇರೆ ಕಡೆ ಜಾಗ ಮಾಡಿಕೊಟ್ಟರು, ಹಗಲು ಹೊತ್ತು ಯಾಳಿನಿಯನ್ನು ನೋಡಿಕೊಳ್ಳಲು ಹತ್ತಿರದಲ್ಲೇ ಒಂದು ವ್ಯವಸ್ಥೆಯಾಯಿತು. ಡಿಸೆಂಬರಿನಲ್ಲಿ ಅವಳು ಹೋಗುವುದೆಂದು ಗೊತ್ತಾಯಿತು. ಸರಿಯಾದದ್ದು ನಡೆಯುತ್ತಿದೆ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ದಿನವೂ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಎರಡೂ ನಿಜವೇ.

ಒಮ್ಮೆಲೇ ಕಳಿಸಬಾರದೆಂದು ಮೊದಲು ಕೆಲವು ಮಧ್ಯಾಹ್ನಗಳನ್ನು ಅವಳು ಪಾಟಿಯ ಮನೆಯಲ್ಲಿ ಕಳೆಯುವಂತೆ ಏರ್ಪಾಡು ಮಾಡಿದರು. ಮೊದಲ ದಿನ ಜೊತೆಗೆ ನಾನೂ ಹೋಗಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಯಾಳಿನಿ ಚಾಪೆಯ ಮೇಲೆ ಬೋರಲು ಮಲಗಿ ಕಾಲು ಆಡಿಸುತ್ತಿದ್ದವಳು ಹಾಗೇ ಹೇಳಿದಳು.

"ಪಾಟಿ, ಬೆನ್ನು ನವೆ ಆಗ್ತಿದೆ, ಸ್ವಲ್ಪ ಕೆರೀ."

ಪಾಟಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಅರ್ಥವಾಗಿರಲಿಲ್ಲ. ಯಾಳಿನಿ ಇನ್ನೊಂದು ಸಲ ಕನ್ನಡದಲ್ಲೇ ಹೇಳಿದಳು, ಜೋರಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ. ಕಚೇರಿಯಲ್ಲಿ ಚಿತ್ರ ಬರೆಯುತ್ತ ಕಳೆದ ಭೇಟಿಗಳಲ್ಲಿ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಇಬ್ಬರ ನಡುವೆ ಈ ಊರಿನ ಉದ್ದಗಲವಷ್ಟೇ ಇತ್ತು, ರೈಲಿನಲ್ಲಿ ಒಂದು ಗಂಟೆಯ ದಾರಿ. ಅಷ್ಟರಲ್ಲೇ ಮೊಮ್ಮಗಳ ಬೆನ್ನಿನ ನವೆ ಅಜ್ಜಿಗೆ ತಿಳಿಯದ ಹಾಗಾಗಿತ್ತು. ಮಗು ಎಷ್ಟು ಚಂದ ಕನ್ನಡ ಮಾತಾಡುತ್ತೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಮೆರೆದಿದ್ದೆ. ಸಂಸ್ಥೆಯವರು ಕೂಡ ಮಗು ಚೆನ್ನಾಗಿ ಹೊಂದಿಕೊಂಡಿದೆ ಎಂದು ಸಂತೋಷಪಟ್ಟಿದ್ದರು. ಅದು ಎಲ್ಲಿಂದ ಕಿತ್ತುಕೊಂಡು ಬಂದು ಇಲ್ಲಿ ಹೊಂದಿಕೊಂಡಿತು ಎಂದು ನಮಗ್ಯಾರಿಗೂ ತೋಚಿರಲಿಲ್ಲ.

ನಾನು ತಮಿಳಿನಲ್ಲಿ ಹೇಳಿದೆ. ಪಾಟಿ ಅವಳ ಅಂಗಿ ಮೇಲೆತ್ತಿ ಬೆನ್ನು ಕೆರೆದರು. ಕೆರೆಯುತ್ತಲೇ ನನ್ನ ಕಡೆ ನೋಡದೆ ಕೇಳಿದರು. "ಹೀಗಾಗೋದಕ್ಕೆ ಏನಂದ್ಲು ಅವಳು?"

"ನವೆ."

"ನವೆ" ಎಂದರು ಪಾಟಿ. ಅವರ ಬಾಯಲ್ಲಿ ಅದು ಹೊಸ ಹಲ್ಲು ಕಟ್ಟಿಸಿದವರ ಮಾತಿನ ಹಾಗೆ ಬಂತು. "ನಿದ್ದೆ ಬಂದ್ರೆ ಏನಂತಾಳೆ?"

"ನಿದ್ದೆ ಬರ್ತಿದೆ ಅಂತಾಳೆ."

ಅದನ್ನೂ ಹೇಳಿದರು. ಸೆಖೆಯಾದರೆ, ಬಚ್ಚಲಿಗೆ ಹೋಗಬೇಕಾದರೆ, ಅನ್ನ ಬೇಡವಾದರೆ, ಮುನಿಸಿಕೊಂಡರೆ. ಒಂದೊಂದನ್ನೇ ಕೇಳಿದರು, ಒಂದೊಂದನ್ನೇ ಬಾಯಿಪಾಠ ಮಾಡಿದರು. ಆ ವಯಸ್ಸಿನಲ್ಲಿ, ತಮ್ಮ ಮೊಮ್ಮಗಳನ್ನು ಸಾಕಲು, ಅಜ್ಜಿಯೊಬ್ಬರು ನನ್ನೆದುರು ಕೂತು ನನ್ನ ಭಾಷೆ ಕಲಿಯುತ್ತಿದ್ದರು. ಯಾಳಿನಿ ಕಣ್ಣು ಮುಚ್ಚಿದ್ದಳು.

"ಹೆದರಿಕೊಂಡ್ರೆ?" ಎಂದರು ಪಾಟಿ.

ಅದಕ್ಕೆ ಉತ್ತರ ನನ್ನೊಬ್ಬಳ ಹತ್ತಿರ ಮಾತ್ರ ಇದೆಯೆಂದು ನಾನು ತಿಳಿದಿದ್ದೆ. "ಹೆದರಿದ್ರೆ ಏನೂ ಮಾತಾಡಲ್ಲ ಪಾಟಿ. ಹತ್ತಿರ ಬಂದು ಕಿವಿ ಹಿಡ್ಕೊಂಡು ಕೂತ್ಕೊಳ್ತಾಳೆ, ಅವಳದಲ್ಲ, ನಮ್ಮದು. ಹೀಗೆ, ತುದೀನ ಎರಡು ಬೆರಳಲ್ಲಿ."

ಪಾಟಿ ಮೊಮ್ಮಗಳ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

"ಅದನ್ನ ಹೇಳಿಕೊಡಬೇಡಮ್ಮ" ಎಂದರು. "ತೊಟ್ಟಿಲಲ್ಲಿದ್ದಾಗಿಂದ ಅವಳು ಹಿಡ್ಕೊಂಡಿದ್ದು ಈ ಕಿವೀನೇ."